ಶಾಲೆಯ ಸೂಕ್ಷ್ಮದರ್ಶಕ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೌಢಶಾಲೆಯ ವಿಜ್ಞಾನ ತರಗತಿಯಲ್ಲಿ ಸಂಯುಕ್ತ ಸೂಕ್ಷ್ಮದರ್ಶಕವನ್ನು ಮೊದಲ ಬಾರಿಗೆ ಬಳಸುವ ವಿದ್ಯಾರ್ಥಿಗಳು, ಅವರಿಗೆ ಕಲಿಸುವ ಶಿಕ್ಷಕರು ಮತ್ತು ಮನೆಗೊಂದು ಉಪಕರಣ ಕೊಳ್ಳಬೇಕೆಂದಿರುವ ಪೋಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೆಳಗಿನ ಕನ್ನಡಿಯಿಂದ ಬೆಳಕು ಪಡೆಯುವ, ಒಂದೇ ಕಣ್ಣಿನಿಂದ ನೋಡುವ ಮಾದರಿಯನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಳ್ಳಲಾಗಿದೆ. ನಮ್ಮ ಹಲವು ಶಾಲೆಗಳಲ್ಲಿ ಇಂದಿಗೂ ಇರುವುದು ಅದೇ.

ಮೊದಲ ದಿನವೇ ಯಾವ ಭಾಗಗಳ ಪರಿಚಯ ಇರಬೇಕು?

ಕಣ್ಣಿಡುವ ಕಡೆಯದು ನೇತ್ರ ಮಸೂರ, ವಸ್ತುವಿನ ಕಡೆಯದು ವಸ್ತು ಮಸೂರ. ಬೇರೆ ಬೇರೆ ಶಕ್ತಿಯ ಎರಡು ಮೂರು ವಸ್ತು ಮಸೂರಗಳು ತಿರುಗುವ ಒಂದು ತಟ್ಟೆಗೆ ಜೋಡಣೆಯಾಗಿರುತ್ತವೆ. ಸ್ಲೈಡ್ ಇಡುವ ಜಾಗ ವೇದಿಕೆ; ಅದರ ನಡುವಿನ ರಂಧ್ರದ ಕೆಳಗೆ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಯಾಫ್ರಂ, ಅದಕ್ಕೂ ಕೆಳಗೆ ಕನ್ನಡಿ. ಬದಿಯಲ್ಲಿರುವ ದೊಡ್ಡ ತಿರುಪು ಕೊಳವೆಯನ್ನೋ ವೇದಿಕೆಯನ್ನೋ ವೇಗವಾಗಿ ಸರಿಸುತ್ತದೆ, ಸಣ್ಣದು ಕೂದಲೆಳೆಯಷ್ಟೇ ಸರಿಸುತ್ತದೆ. ಇಷ್ಟು ಸಾಕು. ಚಿತ್ರ ನೋಡಿ ಭಾಗಗಳ ಹೆಸರನ್ನು ಬಾಯಿಪಾಠ ಮಾಡಿದವರಿಗಿಂತ, ಪ್ರತಿಯೊಂದು ತಿರುಪನ್ನೂ ಒಮ್ಮೆ ತಿರುಗಿಸಿ ಏನು ಚಲಿಸಿತೆಂದು ಗಮನಿಸಿದವರೇ ಮುಂದಿನ ವಾರ ಪ್ರಯೋಗವನ್ನು ಸಲೀಸಾಗಿ ಮಾಡುತ್ತಾರೆ.

ಉಪಕರಣವನ್ನು ಹೇಗೆ ಎತ್ತಬೇಕು?

ಒಂದು ಕೈಯಿಂದ ತೋಳನ್ನು ಹಿಡಿದು, ಇನ್ನೊಂದು ಕೈಯನ್ನು ಪೀಠದ ಅಡಿಗೆ ಕೊಟ್ಟು, ನೆಟ್ಟಗೆ ಎತ್ತಬೇಕು. ಓರೆ ಮಾಡಿದರೆ ಕೆಲವು ಮಾದರಿಗಳಲ್ಲಿ ನೇತ್ರ ಮಸೂರ ಜಾರಿ ಬೀಳುತ್ತದೆ, ಏಕೆಂದರೆ ಅದನ್ನು ಕೊಳವೆಯೊಳಗೆ ಸುಮ್ಮನೆ ಇಳಿಬಿಟ್ಟಿರುತ್ತಾರೆಯೇ ಹೊರತು ತಿರುಪು ಹಾಕಿ ಬಿಗಿದಿರುವುದಿಲ್ಲ.

ಕಣ್ಣಿಟ್ಟರೆ ಬರೀ ಕತ್ತಲು ಕಾಣುತ್ತದೆ. ಏನು ಮಾಡಬೇಕು?

ಸ್ಲೈಡ್ ಇಡುವ ಮೊದಲೇ ಬೆಳಕನ್ನು ಸರಿಪಡಿಸಿಕೊಳ್ಳಬೇಕು. ಅತಿ ಕಡಿಮೆ ಶಕ್ತಿಯ ವಸ್ತು ಮಸೂರವನ್ನು ರಂಧ್ರದ ನೇರಕ್ಕೆ ತಂದಾಗ ಟಕ್ ಎಂದು ಕುಳಿತ ಸದ್ದು ಕೇಳಬೇಕು; ಅರ್ಧಕ್ಕೇ ನಿಂತ ಮಸೂರವೇ ಕತ್ತಲಿಗೆ ಅತ್ಯಂತ ಸಾಮಾನ್ಯ ಕಾರಣ. ಬಳಿಕ ಡಯಾಫ್ರಂ ಪೂರ್ತಿ ತೆರೆದು, ನೇತ್ರ ಮಸೂರದಲ್ಲಿ ನೋಡುತ್ತಲೇ ಕನ್ನಡಿಯನ್ನು ಕಿಟಕಿಯ ಕಡೆಗೆ ನಿಧಾನವಾಗಿ ಹೊರಳಿಸುತ್ತ ಹೋದರೆ ಒಂದು ಹಂತದಲ್ಲಿ ದುಂಡನೆಯ ಬೆಳ್ಳಗಿನ ವೃತ್ತ ತುಂಬಿಕೊಳ್ಳುತ್ತದೆ. ಕನ್ನಡಿಗೆ ಎರಡು ಮುಖಗಳಿವೆ: ಒಂದು ಸಮತಲ, ಇನ್ನೊಂದು ನಿಮ್ನ. ವೇದಿಕೆಯ ಅಡಿಯಲ್ಲಿ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಇದ್ದರೆ ಸಮತಲ ಮುಖವನ್ನೂ, ಇಲ್ಲದಿದ್ದರೆ ನಿಮ್ನ ಮುಖವನ್ನೂ ಬಳಸುವುದು ವಾಡಿಕೆ.

ಕನ್ನಡಿಯನ್ನು ಸೂರ್ಯನ ಕಡೆಗೆ ಎಂದಿಗೂ ತಿರುಗಿಸಬಾರದು; ಮಸೂರಗಳ ಮೂಲಕ ಹಾದು ಬರುವ ನೇರ ಬಿಸಿಲು ಕಣ್ಣಿನ ಅಕ್ಷಿಪಟಲವನ್ನು ಸುಟ್ಟು ಶಾಶ್ವತ ಹಾನಿ ಮಾಡಬಲ್ಲದು. ಉತ್ತರದ ಕಿಟಕಿಯಿಂದ ಕಾಣುವ ಆಕಾಶ ಅಥವಾ ಬಿಸಿಲು ಬಿದ್ದ ಬಿಳಿ ಗೋಡೆ ಒಳ್ಳೆಯದು. ಮಳೆಗಾಲದ ಮೋಡದ ದಿನಗಳಲ್ಲಿ ಎಲ್‌ಇಡಿ ಟಾರ್ಚಿನ ಮುಂದೆ ಬಿಳಿ ಕಾಗದವನ್ನು ಹಿಡಿದು, ಆ ಕಾಗದದ ಬೆಳಕನ್ನು ಕನ್ನಡಿಗೆ ಬೀಳಿಸಿದರೆ ಕೆಲಸ ನಡೆಯುತ್ತದೆ.

ಬೆಳಕು ಚೆನ್ನಾಗಿದೆ, ಆದರೂ ಕೋಶಗಳು ಮಬ್ಬಾಗಿವೆ. ಬೆಳಕನ್ನು ಇನ್ನೂ ಹೆಚ್ಚಿಸಬೇಕೇ?

ಬಹುಪಾಲು ಸಂದರ್ಭಗಳಲ್ಲಿ ಕಡಿಮೆ ಮಾಡಬೇಕು. ಜೀವಕೋಶಗಳು ಹೆಚ್ಚುಕಡಿಮೆ ಪಾರದರ್ಶಕವಾಗಿರುವುದರಿಂದ ಬೆಳಕು ಅತಿಯಾದಾಗ ಅವುಗಳ ಅಂಚುಗಳು ಬೆಳ್ಳಗಿನ ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಡಯಾಫ್ರಂ ಅನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬಂದರೆ ಕೋಶಭಿತ್ತಿಯ ಗೆರೆಗಳು ಎದ್ದು ನಿಲ್ಲುತ್ತವೆ. ತೀರಾ ಮುಚ್ಚಿದರೆ ಸೂಕ್ಷ್ಮ ವಿವರಗಳೇ ಅಳಿಸಿಹೋಗಿ ಅಂಚುಗಳು ದಪ್ಪಗಾಗುತ್ತವೆ. ಈ ಎರಡರ ನಡುವಿನ ಜಾಗವನ್ನು ಪ್ರತಿ ಸ್ಲೈಡಿಗೂ ಹೊಸದಾಗಿ ಹುಡುಕಬೇಕು. ಸೂಕ್ಷ್ಮದರ್ಶಕದ ಬಳಕೆಯಲ್ಲಿ ಕಲಿಯಬೇಕಾದ ನಿಜವಾದ ಕೈಚಳಕ ಇದೇ ಎಂಬುದು ನಮ್ಮ ಅಭಿಪ್ರಾಯ, ಆದರೆ ತರಗತಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಸಮಯ ಸಿಗುವುದೂ ಇದಕ್ಕೇ.

ಈರುಳ್ಳಿ ಪೊರೆಯ ಸ್ಲೈಡ್ ಸಿದ್ಧಪಡಿಸುವ ಸರಿಯಾದ ಕ್ರಮ ಯಾವುದು?

ಒಂಬತ್ತನೇ ತರಗತಿಯವರು ಜೀವಕೋಶದ ಪಾಠದಲ್ಲಿ ಮೊದಲು ಮಾಡುವ ಪ್ರಯೋಗ ಇದು. ಈರುಳ್ಳಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ, ರಸಭರಿತವಾದ ಒಳಗಿನ ಒಂದು ಎಸಳನ್ನು ಬಿಡಿಸಿಕೊಳ್ಳಬೇಕು. ಅದರ ಒಳಮೈಯಿಂದ, ಅಂದರೆ ಗುಳಿಯಂತಿರುವ ಬದಿಯಿಂದ, ಚಿಮುಟದಲ್ಲಿ ಎಳೆದರೆ ತೆಳ್ಳಗಿನ ಪಾರದರ್ಶಕ ಪೊರೆ ಸುಲಿದು ಬರುತ್ತದೆ. ಒಣಗಿದರೆ ಅದು ಸುರುಟಿಕೊಳ್ಳುವುದರಿಂದ ಕೂಡಲೇ ವಾಚ್ ಗ್ಲಾಸಿನ ನೀರಿಗೆ ಹಾಕಬೇಕು.

ಸ್ಲೈಡಿನ ಮೇಲೆ ಒಂದು ಹನಿ ನೀರು ಬಿಟ್ಟು, ಪೊರೆಯ ಚಿಕ್ಕ ತುಂಡನ್ನು ಬ್ರಷ್‌ನಿಂದ ಎತ್ತಿ, ಮಡಿಕೆ ಬೀಳದಂತೆ ಹರಡಬೇಕು. ತುಂಡು ಬೆರಳಿನ ಉಗುರಿಗಿಂತ ಚಿಕ್ಕದಿರಲಿ. ದೊಡ್ಡ ತುಂಡು ತೆಗೆದುಕೊಂಡವರಿಗೆ ಮಡಿಕೆಗಳೇ ಕಾಣುತ್ತವೆ. ಮೇಲೆ ಒಂದು ಹನಿ ಸಫ್ರಾನಿನ್ ಅಥವಾ ಸಾರ ಕಡಿಮೆ ಮಾಡಿದ ಅಯೋಡಿನ್ ದ್ರಾವಣ ಹಾಕಿ ಒಂದೆರಡು ನಿಮಿಷ ಬಿಟ್ಟು, ಹೆಚ್ಚಾದ ಬಣ್ಣವನ್ನು ಫಿಲ್ಟರ್ ಪೇಪರಿನ ಅಂಚಿನಿಂದ ಹೀರಿಸಿ, ಒಂದು ಹನಿ ಗ್ಲಿಸರಿನ್ ಹಾಕಬೇಕು. ಗ್ಲಿಸರಿನ್ ಇದ್ದರೆ ಸ್ಲೈಡ್ ಬೇಗ ಒಣಗುವುದಿಲ್ಲ. ಮೇಲೆ ಮುಚ್ಚುವ ತೆಳುಗಾಜಾದ ಕವರ್ ಸ್ಲಿಪ್ಪಿನ ಒಂದು ಅಂಚನ್ನು ದ್ರವಕ್ಕೆ ತಾಗಿಸಿ, ಇನ್ನೊಂದು ಅಂಚಿಗೆ ಸೂಜಿಯ ಆಸರೆ ಕೊಟ್ಟು ನಿಧಾನವಾಗಿ ಇಳಿಸಬೇಕು. ನೇರವಾಗಿ ಬೀಳಿಸಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಶಾಲೆಯಲ್ಲಿ ಅಯೋಡಿನ್ ಮುಗಿದಿದ್ದರೆ ಔಷಧಿ ಅಂಗಡಿಯ ಪೊವಿಡೋನ್ ಅಯೋಡಿನ್ ದ್ರಾವಣವನ್ನು ನೀರಿನಲ್ಲಿ ಬೆರೆಸಿ ಬಳಸಬಹುದು. ಸಫ್ರಾನಿನ್‌ನಷ್ಟು ಅಂದವಾಗಿ ಕಾಣದಿದ್ದರೂ ಕೋಶಕೇಂದ್ರ ಕಂದು ಬಣ್ಣಕ್ಕೆ ತಿರುಗಿ ಗುರುತು ಸಿಗುತ್ತದೆ.

ಫೋಕಸ್ ಮಾಡುವಾಗ ಕಡಿಮೆ ಶಕ್ತಿಯಿಂದಲೇ ಏಕೆ ಆರಂಭಿಸಬೇಕು?

ಇದಕ್ಕೆ ಎರಡು ಕಾರಣಗಳಿವೆ. ಕಡಿಮೆ ಶಕ್ತಿಯಲ್ಲಿ ಸ್ಲೈಡಿನ ದೊಡ್ಡ ಭಾಗ ಒಮ್ಮೆಗೇ ಕಾಣುವುದರಿಂದ ಯಾವ ಜಾಗದಲ್ಲಿ ಪೊರೆ ಒಂದೇ ಪದರವಾಗಿದೆ, ಎಲ್ಲಿ ಬಣ್ಣ ಹದವಾಗಿ ಹಿಡಿದಿದೆ ಎಂದು ಆರಿಸಿಕೊಳ್ಳಬಹುದು. ಎರಡನೆಯದಾಗಿ, ಚಿತ್ರ ಸ್ಪಷ್ಟವಾದಾಗ 10ಎಕ್ಸ್ (ಹತ್ತು ಪಟ್ಟು ಹಿಗ್ಗಿಸುವ) ಮಸೂರಕ್ಕೂ ಸ್ಲೈಡಿಗೂ ನಡುವೆ ಹಲವು ಮಿಲಿಮೀಟರ್ ಅಂತರವಿದ್ದರೆ, 40ಎಕ್ಸ್ ಮಸೂರಕ್ಕೆ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಆ ಸಂದಿಯಲ್ಲಿ ದೊಡ್ಡ ತಿರುಪನ್ನು ತಿರುಗಿಸಿದರೆ ಮಸೂರ ಗಾಜಿಗೆ ಬಡಿದು, ಕವರ್ ಸ್ಲಿಪ್ ಚೂರಾಗಿ, ಮಸೂರಕ್ಕೂ ಗೀರು ಬೀಳುತ್ತದೆ.

ಕ್ರಮ ಹೀಗಿರಲಿ: ಬದಿಯಿಂದ ನೋಡುತ್ತ, ಕಣ್ಣನ್ನು ನೇತ್ರ ಮಸೂರಕ್ಕೆ ಇಡದೆ, ಕಡಿಮೆ ಶಕ್ತಿಯ ಮಸೂರವನ್ನು ಸ್ಲೈಡಿನ ಹತ್ತಿರಕ್ಕೆ ತರಬೇಕು. ಆಮೇಲೆ ಕಣ್ಣಿಟ್ಟು, ಮಸೂರ ಸ್ಲೈಡಿನಿಂದ ದೂರ ಸರಿಯುವ ದಿಕ್ಕಿನಲ್ಲಿ ಮಾತ್ರ ದೊಡ್ಡ ತಿರುಪನ್ನು ತಿರುಗಿಸಬೇಕು. ಚಿತ್ರ ಮೂಡಿದ ಕೂಡಲೇ ನಿಲ್ಲಿಸಿ ಸಣ್ಣ ತಿರುಪಿನಿಂದ ತಿದ್ದಬೇಕು. ಬೇಕಾದ ಕೋಶವನ್ನು ವೃತ್ತದ ನಟ್ಟನಡುವೆ ತಂದು, ಬದಿಯಿಂದ ನೋಡುತ್ತಲೇ 40ಎಕ್ಸ್ ಮಸೂರವನ್ನು ತಿರುಗಿಸಿ ಕೂರಿಸಿದರೆ, ಒಳ್ಳೆಯ ಉಪಕರಣಗಳಲ್ಲಿ ಸಣ್ಣ ತಿರುಪಿನ ಅರ್ಧ ಸುತ್ತಿನೊಳಗೇ ಚಿತ್ರ ಸ್ಪಷ್ಟವಾಗುತ್ತದೆ. ಸ್ಪಷ್ಟವಾಗದೆ ಹೋದರೆ ಅಲ್ಲೇ ಒದ್ದಾಡುವ ಬದಲು ಮತ್ತೆ ಕಡಿಮೆ ಶಕ್ತಿಗೆ ಮರಳುವುದು ಲೇಸು.

ಕಪ್ಪು ಅಂಚಿನ ದುಂಡನೆಯ ಆಕಾರಗಳು ಕಾಣುತ್ತಿವೆ. ಅವು ಜೀವಕೋಶಗಳೇ?

ಅಲ್ಲ, ಗಾಳಿಗುಳ್ಳೆಗಳು. ಅಚ್ಚುಕಟ್ಟಾದ ವೃತ್ತ, ದಪ್ಪ ಕಪ್ಪು ಅಂಚು, ನಡುವೆ ಖಾಲಿ ಹೊಳಪು ಇವು ಗುಳ್ಳೆಯ ಲಕ್ಷಣಗಳು. ಈರುಳ್ಳಿಯ ಕೋಶಗಳು ಇಟ್ಟಿಗೆ ಗೋಡೆಯಂತೆ ಒಂದಕ್ಕೊಂದು ಒತ್ತಿಕೊಂಡು ಉದ್ದವಾಗಿರುತ್ತವೆ. ಇನ್ನು ಸ್ಲೈಡ್ ಸರಿಸಿದರೂ ಸರಿಯದ ಚುಕ್ಕೆ ಕಂಡರೆ ಅದು ಮಸೂರದ ಮೇಲಿನ ಧೂಳು. ನೇತ್ರ ಮಸೂರವನ್ನು ಬೆರಳಿನಿಂದ ತಿರುಗಿಸಿದಾಗ ಅದೂ ತಿರುಗಿದರೆ ಧೂಳಿರುವುದು ಅಲ್ಲೇ. ಮಿಟುಕಿಸಿದಾಗ ಅಲುಗುವ ಕಪ್ಪು ಗೆರೆಗಳು ನೋಡುವವರ ಸ್ವಂತ ರೆಪ್ಪೆಗೂದಲು.

ಸ್ಲೈಡನ್ನು ಎಡಕ್ಕೆ ಸರಿಸಿದರೆ ಚಿತ್ರ ಬಲಕ್ಕೆ ಏಕೆ ಹೋಗುತ್ತದೆ?

ವಸ್ತು ಮಸೂರ ಕೊಳವೆಯೊಳಗೆ ತಲೆಕೆಳಗಾದ, ಎಡಬಲ ಅದಲುಬದಲಾದ ಪ್ರತಿಬಿಂಬವನ್ನು ಮೂಡಿಸುತ್ತದೆ. ನೇತ್ರ ಮಸೂರ ಅದನ್ನು ಹಾಗೆಯೇ ಹಿಗ್ಗಿಸಿ ತೋರಿಸುತ್ತದೆ. ದಿನಪತ್ರಿಕೆಯಿಂದ ‘ಕೆ’ ಎಂಬ ಅಕ್ಷರವನ್ನು ಕತ್ತರಿಸಿ ಸ್ಲೈಡಿನ ಮೇಲಿಟ್ಟು ನೋಡಿದರೆ ಇದು ಖಚಿತವಾಗುತ್ತದೆ. ಚಲಿಸುವ ಜೀವಿಯನ್ನು ಹಿಂಬಾಲಿಸುವಾಗ ಅದು ಓಡಿದಂತೆ ಕಾಣುವ ಕಡೆಗೇ ಸ್ಲೈಡನ್ನು ದೂಡಬೇಕು. ಎದುರು ದಿಕ್ಕಿಗೆ ದೂಡಿದರೆ ಜೀವಿ ಕಣ್ಮರೆಯಾಗುತ್ತದೆ. ಕೈಗೆ ಇದು ರೂಢಿಯಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ವರ್ಧನೆಯನ್ನು ಲೆಕ್ಕ ಹಾಕುವುದು ಹೇಗೆ? ಮಸೂರದ ಮೇಲೆ ಕೆತ್ತಿರುವ ಉಳಿದ ಅಂಕಿಗಳು ಏನು?

ನೇತ್ರ ಮಸೂರದ ಅಂಕಿಯನ್ನು ವಸ್ತು ಮಸೂರದ ಅಂಕಿಯಿಂದ ಗುಣಿಸಬೇಕು: 10ಎಕ್ಸ್ ಮತ್ತು 40ಎಕ್ಸ್ ಸೇರಿದರೆ 400 ಪಟ್ಟು. 40ಎಕ್ಸ್ ಮಸೂರದ ಮೇಲೆ ಸಾಮಾನ್ಯವಾಗಿ 0.65 ಎಂಬ ಇನ್ನೊಂದು ಅಂಕಿಯೂ, ಕೆಳಗೆ 160/0.17 ಎಂದೂ ಇರುತ್ತದೆ. 160 ಎಂಬುದು ಯಾವ ಉದ್ದದ ಕೊಳವೆಗೆ ಮಸೂರವನ್ನು ತಯಾರಿಸಲಾಗಿದೆ ಎಂಬುದನ್ನೂ, 0.17 ಎಂಬುದು ಕವರ್ ಸ್ಲಿಪ್ಪಿನ ದಪ್ಪವನ್ನೂ ಮಿಲಿಮೀಟರಿನಲ್ಲಿ ಹೇಳುತ್ತವೆ. ಹೀಗಾಗಿ ಕವರ್ ಸ್ಲಿಪ್ ಬದಲು ಇನ್ನೊಂದು ಸ್ಲೈಡನ್ನೇ ಮುಚ್ಚಿದರೆ ಹೆಚ್ಚಿನ ಶಕ್ತಿಯಲ್ಲಿ ಚಿತ್ರ ಎಂದಿಗೂ ಸ್ಪಷ್ಟವಾಗುವುದಿಲ್ಲ.

0.65 ಎಂಬುದು ಮಸೂರ ಎಷ್ಟು ಅಗಲವಾದ ಕೋನದಿಂದ ಬೆಳಕನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂಬುದರ ಅಳತೆ, ಮತ್ತು ನಮ್ಮ ದೃಷ್ಟಿಯಲ್ಲಿ ಇಡೀ ಉಪಕರಣದ ಮೇಲಿರುವ ಅತ್ಯಂತ ಮುಖ್ಯವಾದ ಅಂಕಿ. ಅಕ್ಕಪಕ್ಕದ ಎರಡು ಚುಕ್ಕೆಗಳು ಬೇರೆ ಬೇರೆಯಾಗಿ ಕಾಣಲು ಅವುಗಳ ನಡುವೆ ಎಷ್ಟು ಅಂತರ ಬೇಕೆಂಬುದನ್ನು ಜರ್ಮನಿಯ ಅರ್ನ್‌ಸ್ಟ್ ಅಬೆ 1873ರಲ್ಲಿ ತೋರಿಸಿಕೊಟ್ಟರು: ಬೆಳಕಿನ ತರಂಗಾಂತರವನ್ನು ಈ ಅಂಕಿಯ ಎರಡರಷ್ಟರಿಂದ ಭಾಗಿಸಿದರೆ ಆ ಅಂತರ ಸಿಗುತ್ತದೆ. ಹಸಿರು ಬೆಳಕಿನ ತರಂಗಾಂತರವಾದ 0.55 ಮೈಕ್ರೋಮೀಟರನ್ನು (ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) 1.3ರಿಂದ ಭಾಗಿಸಿದರೆ ಸುಮಾರು 0.4 ಮೈಕ್ರೋಮೀಟರ್.

ಹಾಗಾದರೆ 1200 ಪಟ್ಟು ಹಿಗ್ಗಿಸುವ ಆಟಿಕೆ ಸೂಕ್ಷ್ಮದರ್ಶಕ 400 ಪಟ್ಟಿನದ್ದಕ್ಕಿಂತ ಉತ್ತಮವಲ್ಲವೇ?

ಅಲ್ಲ. ಮೇಲಿನ ಲೆಕ್ಕದ ಮಿತಿಯನ್ನು ದಾಟಿ ಹಿಗ್ಗಿಸಿದರೆ ಮಸುಕೇ ದೊಡ್ಡದಾಗುತ್ತದೆ, ಹೊಸ ವಿವರ ಒಂದೂ ಸೇರುವುದಿಲ್ಲ. ಮಸೂರದ ಆ ಅಂಕಿಯ ಸಾವಿರ ಪಟ್ಟಿಗಿಂತ ಹೆಚ್ಚಿನ ವರ್ಧನೆ ವ್ಯರ್ಥ ಎಂಬುದು ಒಪ್ಪಿತ ನಿಯಮ, 0.65ರ ಮಸೂರಕ್ಕೆ 650 ಪಟ್ಟೇ ಕೊನೆ. ಪೆಟ್ಟಿಗೆಯ ಮೇಲೆ ವರ್ಧನೆಯನ್ನು ದೊಡ್ಡದಾಗಿ ಅಚ್ಚು ಮಾಡಿ ಈ ಅಂಕಿಯನ್ನು ಎಲ್ಲಿಯೂ ಹೇಳದ ಉಪಕರಣವನ್ನು ಕೊಳ್ಳದಿರುವುದು ಒಳ್ಳೆಯದು.

ನೋಡಿದ ಕೋಶದ ನಿಜವಾದ ಗಾತ್ರವನ್ನು ತಿಳಿಯಬಹುದೇ?

ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಒಂದಿದ್ದರೆ ಅಂದಾಜು ಮಾಡಬಹುದು. 10ಎಕ್ಸ್ ವಸ್ತು ಮಸೂರದಡಿ ಸ್ಕೇಲನ್ನು ಇಟ್ಟು, ಕಾಣುವ ವೃತ್ತದ ವ್ಯಾಸದಲ್ಲಿ ಎಷ್ಟು ಮಿಲಿಮೀಟರ್ ಹಿಡಿಸುತ್ತದೆ ಎಂದು ನೋಡಬೇಕು. ಅದು 1.6 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ, ಅಂದರೆ 1600 ಮೈಕ್ರೋಮೀಟರ್. ಆ ವ್ಯಾಸದ ಉದ್ದಕ್ಕೆ ಐದು ಈರುಳ್ಳಿ ಕೋಶಗಳು ಸಾಲಾಗಿ ನಿಂತರೆ ಒಂದೊಂದರ ಉದ್ದ ಸುಮಾರು 320 ಮೈಕ್ರೋಮೀಟರ್. 40ಎಕ್ಸ್‌ಗೆ ಬದಲಿಸಿದಾಗ ವ್ಯಾಸ ನಾಲ್ಕನೇ ಒಂದು ಭಾಗಕ್ಕೆ, ಅಂದರೆ 400 ಮೈಕ್ರೋಮೀಟರಿಗೆ ಇಳಿಯುತ್ತದೆ. ಈ ಲೆಕ್ಕವನ್ನು ಪರೀಕ್ಷೆಗೆ ಕೇಳುವುದು ಅಪರೂಪ, ಆದರೆ ಮಾಡಿಸಿ ನೋಡಬೇಕು. ‘ತುಂಬಾ ಚಿಕ್ಕದು’ ಎಂಬ ಮಾತಿನ ಜಾಗದಲ್ಲಿ ಒಂದು ಸಂಖ್ಯೆ ಬಂದು ಕೂರುತ್ತದೆ.

ರಾಬರ್ಟ್ ಹುಕ್ ಕಂಡದ್ದೂ ನಾವು ಕಾಣುವುದೂ ಒಂದೆಯೇ?

ಪೂರ್ತಿಯಾಗಿ ಅಲ್ಲ. ಹುಕ್ 1665ರಲ್ಲಿ ಪ್ರಕಟಿಸಿದ ಚಿತ್ರದಲ್ಲಿರುವುದು ಬೆಂಡಿನ ತೆಳುಹೋಳು. ಅದು ಸತ್ತ ಅಂಗಾಂಶವಾದ್ದರಿಂದ ಅವರಿಗೆ ಕಂಡದ್ದು ಖಾಲಿ ಕೋಣೆಗಳ ಗೋಡೆಗಳು ಮಾತ್ರ. ಈರುಳ್ಳಿ ಪೊರೆಯಲ್ಲಿ ವಿದ್ಯಾರ್ಥಿಗಳು ಗುರುತಿಸುವ ಕೋಶಕೇಂದ್ರಕ್ಕೆ ಹೆಸರು ಕೊಟ್ಟವರು ರಾಬರ್ಟ್ ಬ್ರೌನ್, 1831ರಲ್ಲಿ. ನಡುವಿನ ಕಾಲದಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾವೇ ತಯಾರಿಸಿದ ಒಂದೇ ಒಂದು ಪುಟ್ಟ ಮಸೂರದ ಉಪಕರಣದಿಂದ 1674ರಲ್ಲಿ ಕೆರೆಯ ನೀರಿನ ಜೀವಿಗಳನ್ನೂ, 1683ರ ಪತ್ರವೊಂದರಲ್ಲಿ ಹಲ್ಲಿನ ಕೊಳೆಯ ಬ್ಯಾಕ್ಟೀರಿಯಗಳನ್ನೂ ವರ್ಣಿಸಿದರು. ಉಳಿದುಬಂದಿರುವ ಅವರ ಅತ್ಯುತ್ತಮ ಮಸೂರದ ಶಕ್ತಿ ಸುಮಾರು 270 ಪಟ್ಟು, ಅಂದರೆ ನಮ್ಮ ಶಾಲೆಯ ಉಪಕರಣದ ಗರಿಷ್ಠ ವರ್ಧನೆಗಿಂತ ಕಡಿಮೆ.

ಕನ್ನಡಕ ಹಾಕುವವರು ಅದನ್ನು ತೆಗೆಯಬೇಕೇ? ಇನ್ನೊಂದು ಕಣ್ಣು ಮುಚ್ಚಬೇಕೇ?

ಸಮೀಪದೃಷ್ಟಿ ಅಥವಾ ದೂರದೃಷ್ಟಿ ದೋಷವಿದ್ದವರು ಕನ್ನಡಕ ತೆಗೆದು ನೋಡಬಹುದು, ಫೋಕಸ್ ತಿರುಪೇ ಅದನ್ನು ಸರಿದೂಗಿಸುತ್ತದೆ. ಅಸ್ಟಿಗ್ಮ್ಯಾಟಿಸಂ (ಎಲ್ಲ ದಿಕ್ಕಿನ ಗೆರೆಗಳೂ ಒಮ್ಮೆಗೇ ಸ್ಪಷ್ಟವಾಗಿ ಕಾಣದ ದೋಷ) ಇದ್ದವರು ತೆಗೆಯಬಾರದು. ಎರಡೂ ಕಣ್ಣು ತೆರೆದೇ ನೋಡುವುದನ್ನು ಅಭ್ಯಾಸ ಮಾಡಿಕೊಂಡರೆ ಆಯಾಸ ಕಡಿಮೆ; ಆರಂಭದಲ್ಲಿ ಕಷ್ಟವಾದರೆ ಇನ್ನೊಂದು ಕಣ್ಣಿನ ಮುಂದೆ ಕೈ ಅಡ್ಡ ಹಿಡಿಯಬಹುದು.

ಕೆನ್ನೆಯ ಕೋಶ, ರಕ್ತ ಇವುಗಳನ್ನು ತರಗತಿಯಲ್ಲಿ ನೋಡುವುದು ಸುರಕ್ಷಿತವೇ?

ಕೆನ್ನೆಯ ಒಳಪದರದ ಕೋಶಗಳನ್ನು ನೋಡಬಹುದು. ಬಾಯಿ ಮುಕ್ಕಳಿಸಿ, ಹಲ್ಲುಕಡ್ಡಿಯ ಮೊಂಡಾದ ತುದಿಯಿಂದ ಒಳಗೆನ್ನೆಯನ್ನು ಮೆಲ್ಲಗೆ ಕೆರೆದು, ಸ್ಲೈಡಿನ ಮೇಲಿನ ನೀರಿನ ಹನಿಯಲ್ಲಿ ಹರಡಿ, ಮೆಥಿಲೀನ್ ಬ್ಲೂ ಹಾಕಿದರೆ ಸುಮಾರು 50ರಿಂದ 60 ಮೈಕ್ರೋಮೀಟರ್ ಅಗಲದ, ನಡುವೆ ಕಡುನೀಲಿ ಕೋಶಕೇಂದ್ರವಿರುವ ಚಪ್ಪಟೆ ಕೋಶಗಳು ಕಾಣುತ್ತವೆ. ಒಬ್ಬರ ಕಡ್ಡಿಯನ್ನು ಇನ್ನೊಬ್ಬರು ಮುಟ್ಟಬಾರದು. ಬಳಸಿದ ಕಡ್ಡಿ ಮತ್ತು ಸ್ಲೈಡುಗಳನ್ನು ಬ್ಲೀಚಿಂಗ್ ಪೌಡರ್ ಕರಗಿಸಿದ ನೀರಿಗೆ ಹಾಕಬೇಕು. ಬೆರಳು ಚುಚ್ಚಿ ರಕ್ತ ತೆಗೆಯುವುದನ್ನು ಶಾಲೆಯಲ್ಲಿ ಮಾಡಿಸಲೇಬಾರದು. ಅದಕ್ಕೆ ಸಿದ್ಧ ಸ್ಲೈಡುಗಳು ಸಿಗುತ್ತವೆ.

ಈರುಳ್ಳಿಯ ನಂತರ ಏನನ್ನು ನೋಡಬೇಕು?

ಇಲ್ಲಿಂದ ಮುಂದೆ ಪಠ್ಯಪುಸ್ತಕಕ್ಕಿಂತ ಶಾಲೆಯ ಕೈತೋಟವೇ ಹೆಚ್ಚು ಕೊಡುತ್ತದೆ. ಎಲೆಯ ಅಡಿಭಾಗ ನೇರಳೆ ಬಣ್ಣವಿರುವ ರಿಯೋ ಗಿಡ ಬೇಲಿಯಂಚಿನಲ್ಲಿ, ಕುಂಡಗಳಲ್ಲಿ ಎಲ್ಲೆಡೆ ಸಿಗುತ್ತದೆ. ಎಲೆಯನ್ನು ಓರೆಯಾಗಿ ಹರಿದು ಅಡಿಭಾಗದ ಪೊರೆ ಸುಲಿದರೆ ಬಣ್ಣ ಹಾಕದೆಯೇ ನೇರಳೆ ಕೋಶಗಳ ನಡುವೆ ಹಸಿರು ಕಾವಲು ಕೋಶಗಳಿರುವ ಪತ್ರರಂಧ್ರಗಳು ಕಾಣುತ್ತವೆ. ಕವರ್ ಸ್ಲಿಪ್ಪಿನ ಒಂದು ಬದಿಗೆ ಉಪ್ಪುನೀರಿನ ಹನಿ ಬಿಟ್ಟು, ಎದುರು ಬದಿಯಿಂದ ಫಿಲ್ಟರ್ ಪೇಪರಿನಲ್ಲಿ ಹೀರಿದರೆ, ನೋಡನೋಡುತ್ತಿದ್ದಂತೆ ನೇರಳೆ ದ್ರವ ಕೋಶಭಿತ್ತಿಯಿಂದ ಬಿಟ್ಟುಕೊಂಡು ಒಳಕ್ಕೆ ಕುಗ್ಗುತ್ತದೆ. ನೀರು ಹಾಯಿಸಿದರೆ, ಕೋಶ ಸಾಯದೆ ಉಳಿದಿದ್ದಲ್ಲಿ, ಮತ್ತೆ ಹಿಗ್ಗುತ್ತದೆ. ಹೀಗೆ ಪೊರೆಯ ಮೂಲಕ ನೀರು ಹಾಯುವ ಪರಾಸರಣವನ್ನು ಕಪ್ಪುಹಲಗೆಯ ಮೇಲೆ ಎಷ್ಟೇ ವಿವರಿಸಿದರೂ ಇದಕ್ಕೆ ಸಮನಾಗದು.

ದಾಸವಾಳದ ಪರಾಗರೇಣು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಮಿಗಿಲಾದ ಗಾತ್ರದ್ದು. ಅದರ ಮುಳ್ಳುಗಳನ್ನು ಕಡಿಮೆ ಶಕ್ತಿಯಲ್ಲೇ ನೋಡಬಹುದು. ಆಲೂಗಡ್ಡೆಯನ್ನು ಕೆರೆದ ರಸಕ್ಕೆ ಅತಿ ತೆಳುವಾದ ಅಯೋಡಿನ್ ಹಾಕಿದರೆ ಪಿಷ್ಟದ ಕಣಗಳು ನೀಲಿಯಾಗುತ್ತವೆ. ಮೊಸರಿನ ಬ್ಯಾಕ್ಟೀರಿಯಗಳು ಒಂದೆರಡು ಮೈಕ್ರೋಮೀಟರಿನ ಆಸುಪಾಸಿನವು. 400 ಪಟ್ಟಿನಲ್ಲಿ ಬಣ್ಣ ಹಾಕಿದ ಚುಕ್ಕೆ, ಕಡ್ಡಿಗಳಂತೆ ಕಂಡರೆ ಅದೇ ಹೆಚ್ಚು. ವೈರಸ್ ಕಾಣಬಹುದೇ ಎಂದು ಕೇಳುವವರಿದ್ದಾರೆ. ಬಹುಪಾಲು ವೈರಸ್‌ಗಳು ಬೆಳಕಿನ ಸೂಕ್ಷ್ಮದರ್ಶಕದ 0.2 ಮೈಕ್ರೋಮೀಟರ್ ಮಿತಿಗಿಂತ ಚಿಕ್ಕವು, ಆದ್ದರಿಂದ ಕಾಣುವುದಿಲ್ಲ.

ಭತ್ತದ ಹುಲ್ಲನ್ನು ನೀರಿನಲ್ಲಿ ಕುದಿಸಿ, ಆರಿಸಿ, ಸ್ವಲ್ಪ ಕೆರೆಯ ನೀರು ಬೆರೆಸಿ ನೆರಳಿನಲ್ಲಿಟ್ಟರೆ ಮೊದಲು ಬ್ಯಾಕ್ಟೀರಿಯಗಳಿಂದ ನೀರು ಮಬ್ಬಾಗಿ, ಒಂದೆರಡು ವಾರದೊಳಗೆ ಅವುಗಳನ್ನು ತಿನ್ನುವ ಪ್ಯಾರಮೀಸಿಯಂ ಮೊದಲಾದ ಏಕಕೋಶ ಜೀವಿಗಳು ಹೆಚ್ಚುತ್ತವೆ. ಅವು ವೃತ್ತದೊಳಗೆ ನಿಲ್ಲದೆ ಓಡುವುದರಿಂದ ಹನಿಯಲ್ಲಿ ಹತ್ತಿಯ ನಾಲ್ಕಾರು ಎಳೆಗಳನ್ನು ಬಿಡಿಸಿ ಹಾಕಿದರೆ ಎಳೆಗಳ ನಡುವೆ ಸಿಕ್ಕಿ ನಿಧಾನವಾಗುತ್ತವೆ.

ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆಯುವಾಗ ಪಠ್ಯಪುಸ್ತಕದಂತೆಯೇ ಇರಬೇಕೇ?

ಕಂಡದ್ದನ್ನು ಬರೆಯಬೇಕು. ಚೂಪಾದ ಪೆನ್ಸಿಲ್, ಒಂದೇ ಗೆರೆ, ಛಾಯೆ ಬೇಡ, ಬದಿಯಲ್ಲಿ ಹೆಸರುಗಳು, ಕೆಳಗೆ ವರ್ಧನೆ. ಈರುಳ್ಳಿ ಪೊರೆಯಲ್ಲಿ ಮೈಟೋಕಾಂಡ್ರಿಯವನ್ನು ಬರೆದು ಅಂಕ ಪಡೆಯುವುದುಂಟು, ಆದರೆ ಶಾಲೆಯ ಉಪಕರಣದಲ್ಲಿ ಅದು ಕಂಡಿರಲು ಸಾಧ್ಯವಿಲ್ಲ. ಒಂದು ಕೋಶದಲ್ಲಿ ಕೋಶಕೇಂದ್ರ ಕಾಣದಿದ್ದರೆ ಕಾಣದಂತೆಯೇ ಬರೆದದ್ದಕ್ಕೆ ಶಿಕ್ಷಕರು ಅಂಕ ಕಳೆಯಬಾರದು.

ಐವತ್ತು ಮಕ್ಕಳಿಗೆ ಒಂದೇ ಸೂಕ್ಷ್ಮದರ್ಶಕವಿದ್ದರೆ ಏನು ಮಾಡುವುದು?

ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಕೆಲವು ಕ್ಷಣ ತೋರಿಸುವುದರಿಂದ ಯಾರಿಗೂ ಏನೂ ಕಾಣುವುದಿಲ್ಲ. ನಾಲ್ಕೈದು ಮಕ್ಕಳ ತಂಡಗಳು ತಮ್ಮ ತಮ್ಮ ಸ್ಲೈಡ್ ತಯಾರಿಸಿ, ಸರದಿಯಂತೆ ಬಂದು ಪೂರ್ತಿ ಹತ್ತು ನಿಮಿಷ ತಾವೇ ಫೋಕಸ್ ಮಾಡಲಿ. ಮೊಬೈಲ್ ಕ್ಯಾಮೆರಾವನ್ನು ನೇತ್ರ ಮಸೂರಕ್ಕೆ ನೇರವಾಗಿ ಹಿಡಿದರೆ ಎಲ್ಲರಿಗೂ ತೋರಿಸಬಹುದು; ಅದನ್ನು ತಮ್ಮ ಕಣ್ಣಿಂದ ನೋಡಿದ ಮೇಲೆ ಮಾಡುವುದು ಮೇಲು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಅವರ ತಂಡ 2014ರಲ್ಲಿ ಪರಿಚಯಿಸಿದ ಫೋಲ್ಡ್‌ಸ್ಕೋಪ್ ಎಂಬ ಮಡಚುವ ಕಾಗದದ ಸೂಕ್ಷ್ಮದರ್ಶಕ ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಈರುಳ್ಳಿ ಪೊರೆಗೂ ಪರಾಗಕ್ಕೂ ಅದು ಸಾಕು, ಮಕ್ಕಳ ಚೀಲದಲ್ಲಿ ತೋಟಕ್ಕೂ ಹೋಗುತ್ತದೆ.

ಮಳೆಗಾಲದಲ್ಲಿ ಮಸೂರದೊಳಗೆ ಬಲೆಯಂಥದ್ದು ಬೆಳೆಯುತ್ತದೆ. ಇದನ್ನು ತಡೆಯುವುದು ಹೇಗೆ?

ಅದು ಬೂಷ್ಟು. ಕರಾವಳಿ ಮತ್ತು ಮಲೆನಾಡಿನ ಶಾಲೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದೊಡ್ಡ ತಲೆನೋವು. ಕತ್ತಲು, ತೇವ, ಗಾಳಿಯಾಡದ ಜಾಗ ಬೂಷ್ಟಿಗೆ ಇಷ್ಟ. ಹಾಳಾದೀತೆಂಬ ಭಯದಿಂದ ಬೀರುವಿನಲ್ಲಿ ಬೀಗ ಹಾಕಿಟ್ಟ ಉಪಕರಣವೇ ಬಳಸುತ್ತಿರುವ ಉಪಕರಣಕ್ಕಿಂತ ಬೇಗ ಹಾಳಾಗುವುದು ಹೀಗೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡಬೇಕು; ನೀಲಿ ಹರಳುಗಳು ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಮಳೆಗಾಲದಲ್ಲಿಯೂ ವಾರಕ್ಕೊಮ್ಮೆ ಹೊರತೆಗೆದು ಬೆಳಕು ಗಾಳಿಗೆ ಇಡಬೇಕು.

ಒರೆಸಲು ಅಂಗಿಯ ಚುಂಗು, ಸೀರೆಯ ಸೆರಗು, ಕರವಸ್ತ್ರ ಬೇಡ. ಅವುಗಳಲ್ಲಿನ ಧೂಳೇ ಗಾಜನ್ನು ಗೀರುತ್ತದೆ. ಮೊದಲು ರಬ್ಬರ್ ಬ್ಲೋವರಿನಿಂದ ಧೂಳನ್ನು ಊದಿ, ಆಮೇಲೆ ಲೆನ್ಸ್ ಪೇಪರಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ನಡುವಿನಿಂದ ಹೊರಕ್ಕೆ ಸುತ್ತುತ್ತ ಒರೆಸಬೇಕು. ಹೊರಮೈಯ ಬೂಷ್ಟು ಆರಂಭದ ಹಂತದಲ್ಲಿದ್ದರೆ ಇಷ್ಟರಿಂದಲೇ ಹೋಗುತ್ತದೆ. ವಸ್ತು ಮಸೂರದ ಒಳಗೆ ಸೇರಿದ್ದರೆ ಶಾಲೆಯಲ್ಲಿ ಬಿಚ್ಚಲು ಹೋಗದೆ ದುರಸ್ತಿ ಮಾಡುವವರಿಗೆ ಕೊಡಬೇಕು. ಬೂಷ್ಟು ಗಾಜಿನ ಲೇಪವನ್ನೇ ತಿಂದು ಗುರುತು ಬಿಟ್ಟಿದ್ದರೆ ಆ ಮಸೂರವೊಂದನ್ನು ಬದಲಾಯಿಸಿಕೊಳ್ಳಬಹುದು, ಇಡೀ ಉಪಕರಣವನ್ನು ಮೂಲೆಗೆ ತಳ್ಳಬೇಕಾಗಿಲ್ಲ.